ಗುಂಯ್‌ಗುಡುವ ಗಾಲಿಯ ಗುಟ್ಟು

ಹಾಸನದ ಕಡೆಯ ಒಂದು ಮಧ್ಯಮ ವರ್ಗದ ಸಂಸಾರ ಎಂದಿಟ್ಟುಕೊಳ್ಳಿ. ಅಪ್ಪ ಸರ್ಕಾರಿ ನೌಕರ, ಅಮ್ಮ ಪ್ರೌಢಶಾಲೆಯ ಶಿಕ್ಷಕಿ. ಎರಡನೇ ಪಿಯುಸಿ ಮುಗಿಸಿದ ಮಗಳಿಗೆ ಮಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. ಮನೆಯ ಮುಂದೆ ಎಂಟು ವರ್ಷದ ಒಂದು ಕಾರಿದೆ. ಎಪ್ಪತ್ತು ಸಾವಿರ ಕಿಲೋಮೀಟರು ಓಡಿದೆ. ಮುಂದಿನ ಸೋಮವಾರ ಹಾಸಿಗೆ, ಟ್ರಂಕು, ಪುಸ್ತಕಗಳ ಸಮೇತ ಮಗಳನ್ನು ಹಾಸ್ಟೆಲಿಗೆ ಬಿಟ್ಟುಬರಬೇಕು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು.

ಆದರೆ ಮಳೆಗಾಲ ಶುರುವಾದಾಗಿನಿಂದ ಕಾರಿನಲ್ಲಿ ಏನೋ ಒಂದು ಸದ್ದು. ವೇಗ ನಲವತ್ತು ದಾಟುವವರೆಗೆ ಏನೂ ಇಲ್ಲ. ಆಮೇಲೆ ದೂರದಲ್ಲೆಲ್ಲೋ ದುಂಬಿ ಹಾರಿದ ಹಾಗೆ ಸಣ್ಣಗೆ ಗುಂಯ್ ಎನ್ನುತ್ತದೆ. ಅರವತ್ತಕ್ಕೆ ಅದು ಕಾರಿನೊಳಗೆ ತುಂಬಿಕೊಳ್ಳುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಮಗಳು, "ಅಪ್ಪಾ, ಅದೇನು ಸೌಂಡು?" ಎಂದು ಕೇಳಿದರೆ ಅಪ್ಪ ರೇಡಿಯೊ ಜೋರು ಮಾಡುತ್ತಾರೆ. "ಹಳೇ ಗಾಡಿ ಕಣಮ್ಮಾ, ಸೌಂಡ್ ಬರದೆ ಇನ್ನೇನು ಬರುತ್ತೆ?" ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ!

ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಅವರ ಒತ್ತಾಯಕ್ಕೆ ಕಾರನ್ನು ಟೈರ್ ಅಂಗಡಿಗೆ ಒಯ್ದರೆ ಅಲ್ಲಿನವರು ನಿಂತಲ್ಲೇ ಒಂದು ಸುತ್ತು ಬಂದು, "ಟೈರ್ ಹೋಗಿದೆ ಸಾರ್, ನಾಲ್ಕೂ ಚೇಂಜ್ ಮಾಡಿ" ಎಂದರು. ಪಕ್ಕದ ರಸ್ತೆಯ ಗ್ಯಾರೇಜಿನವರು, "ಬೇರಿಂಗ್ ಹೋಗಿದೆ, ನಾಲ್ಕು ವೀಲಿಗೂ ಹಾಕಿಬಿಡೋಣ" ಎಂದರು. ಇಬ್ಬರೂ ಕಾರನ್ನು ಒಂದು ಫರ್ಲಾಂಗು ಕೂಡ ಓಡಿಸಿ ನೋಡಲಿಲ್ಲ. ಹಾಸ್ಟೆಲ್ ಫೀ ಕಟ್ಟಿ ಬರಿದಾದ ಜೇಬಿಗೆ ಎರಡೂ ಭಾರದ ಮಾತೇ. ಯಾರನ್ನು ನಂಬುವುದು? ಅದಕ್ಕಿಂತ ದೊಡ್ಡ ಪ್ರಶ್ನೆ, ಈ ಸದ್ದಿನೊಡನೆ ಘಾಟಿ ಇಳಿಯಬಹುದೇ?

ಆಗ ಮಗಳು ಭೌತಶಾಸ್ತ್ರದ ಹಳೆಯ ಪ್ರಾಕ್ಟಿಕಲ್ ನೋಟ್‌ಬುಕ್ಕಿನ ಕೊನೆಯಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ತೆರೆದಳು.

ಕಿವಿಯಿಂದ ರೋಗ ಹಿಡಿಯುವ ವಿದ್ಯೆ

ಒಳಗೇನಾಗಿದೆ ಎಂದು ಬಿಚ್ಚದೆಯೇ ತಿಳಿಯುವ ಕಲೆ ವೈದ್ಯರಿಗೆ ಹಳೆಯದು. ಆಸ್ಟ್ರಿಯಾದ ಲಿಯೊಪೋಲ್ಡ್ ಔಎನ್‌ಬ್ರುಗ್ಗರ್ ಎಂಬ ವೈದ್ಯ ಎದೆಯ ಮೇಲೆ ಬೆರಳಿನಿಂದ ತಟ್ಟಿ, ಬರುವ ಸದ್ದಿನಿಂದ ಒಳಗೆ ನೀರು ತುಂಬಿದೆಯೋ ಇಲ್ಲವೋ ಎಂದು ಹೇಳುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದ. ಅವನ ತಂದೆ ವಸತಿಗೃಹ ನಡೆಸುತ್ತಿದ್ದವನು. ಪೀಪಾಯಿ ತಟ್ಟಿ ಒಳಗೆಷ್ಟು ದ್ರಾಕ್ಷಾರಸ ಉಳಿದಿದೆ ಎಂದು ತಿಳಿಯುವುದನ್ನು ಮಗ ಚಿಕ್ಕಂದಿನಲ್ಲೇ ನೋಡಿದ್ದ ಎನ್ನುತ್ತಾರೆ. 1816ರಲ್ಲಿ ಪ್ಯಾರಿಸ್ಸಿನ ರೆನೆ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ; ಸ್ಟೆತಾಸ್ಕೋಪು ಹುಟ್ಟಿತು. ಇಂದಿಗೂ ಅನುಭವಿ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟುಕೊಳ್ಳುವುದು ಇದೇ ವಿದ್ಯೆ.

ಆದರೆ ಕಿವಿಯೊಂದೇ ಸಾಲದು. ಸದ್ದು ಎಲ್ಲಿಂದ ಬಂತು ಎಂಬುದರಲ್ಲಿ ಕಿವಿ ಸುಲಭವಾಗಿ ಮೋಸಹೋಗುತ್ತದೆ. ಕಾರಿನ ದೇಹವೆಲ್ಲ ತಗಡು. ಮುಂದಿನ ಚಕ್ರದ ಕಂಪನ ಅದರೊಳಗೆ ಹರಿದು ಹಿಂದಿನ ಸೀಟಿನ ಕೆಳಗೆ ಕೇಳಿಸಬಹುದು. ತಂಬೂರಿಯ ತಂತಿಯನ್ನು ಮೀಟಿದಾಗ ಬುರುಡೆ ಮೊಳಗುವಂತೆ, ಒಂದು ನಿರ್ದಿಷ್ಟ ಆವೃತ್ತಿಗೆ ಕಾರಿನೊಳಗಿನ ಗಾಳಿಯೂ ಮೊಳಗುತ್ತದೆ. ಪಿಯುಸಿ ವಿದ್ಯಾರ್ಥಿಗಳು ಓದುವ ಅನುರಣನ ಇದೇ. ಆದ್ದರಿಂದಲೇ ಕೆಲವು ಸದ್ದುಗಳು ಐವತ್ತೈದಕ್ಕೆ ಜೋರಾಗಿ, ಎಪ್ಪತ್ತಕ್ಕೆ ಕುಗ್ಗಿದಂತೆ ಅನಿಸುತ್ತವೆ. ಕುಗ್ಗಿತೆಂದರೆ ವಾಸಿಯಾಯಿತು ಎಂದಲ್ಲ!

ಹಾಗಾಗಿ ಬೇಕಾದದ್ದು ಕ್ರಮಬದ್ಧ ವಿಚಾರಣೆ. ಮಗಳು ಹಾಳೆಯ ಎಡಭಾಗದಲ್ಲಿ ಶಂಕಿತರ ಪಟ್ಟಿ ಬರೆದಳು. ಎಂಜಿನ್, ಗೇರ್‌ಬಾಕ್ಸು, ಬ್ರೇಕು, ಟೈರು, ಬೇರಿಂಗು. ಬಲಭಾಗದಲ್ಲಿ, ಪ್ರತಿಯೊಂದೂ ತಪ್ಪಿತಸ್ಥನಾಗಿದ್ದರೆ ಸದ್ದು ಯಾವಾಗ ಬದಲಾಗಬೇಕು ಎಂಬುದನ್ನು ಬರೆದಳು. ಪರೀಕ್ಷೆಗೆ ಮೊದಲೇ ಉತ್ತರವನ್ನು ಊಹಿಸಿ ಬರೆದಿಡುವುದು ಮುಖ್ಯ. ಇಲ್ಲವಾದರೆ ಕೇಳಿಸಿದ್ದನ್ನೆಲ್ಲ ನಮ್ಮ ಇಷ್ಟದ ಉತ್ತರಕ್ಕೆ ಹೊಂದಿಸಿಕೊಂಡುಬಿಡುತ್ತೇವೆ.

ಸ್ವಲ್ಪ ಲೆಕ್ಕ

ಸಣ್ಣ ಕಾರುಗಳಲ್ಲಿ ಸಾಮಾನ್ಯವಾದ 165/80 ಆರ್ 14 ಅಳತೆಯ ಟೈರನ್ನು ತೆಗೆದುಕೊಳ್ಳಿ. 165 ಎಂದರೆ ಮಿಲಿಮೀಟರಿನಲ್ಲಿ ಅಗಲ. 80 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 80, ಅಂದರೆ 132 ಮಿಲಿಮೀಟರು. 14 ಎಂದರೆ ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಎಲ್ಲ ಕೂಡಿದರೆ ಚಕ್ರದ ವ್ಯಾಸ ಸುಮಾರು 620 ಮಿಲಿಮೀಟರು, ಸುತ್ತಳತೆ ಹೆಚ್ಚುಕಡಿಮೆ 1.95 ಮೀಟರು. ಗಂಟೆಗೆ 60 ಕಿಲೋಮೀಟರೆಂದರೆ ಸೆಕೆಂಡಿಗೆ 16.7 ಮೀಟರು. ಭಾಗಿಸಿದರೆ ಚಕ್ರ ಸೆಕೆಂಡಿಗೆ ಸುಮಾರು ಎಂಟೂವರೆ ಸುತ್ತು ತಿರುಗುತ್ತದೆ.

ಟೈರಿನ ಮೈಮೇಲೆ ಸುತ್ತಲೂ 70 ಕಚ್ಚುಗಳಿವೆ ಎಂದುಕೊಂಡರೆ, ಅವು ರಸ್ತೆಗೆ ತಟ್ಟುವುದು ಸೆಕೆಂಡಿಗೆ ಸುಮಾರು 600 ಸಲ. ಬೇರಿಂಗಿನ ಲೆಕ್ಕವೇ ಬೇರೆ. ಅದರೊಳಗಿನ ಗುಂಡುಗಳನ್ನು ಹಿಡಿದಿಡುವ ಪಂಜರ ಚಕ್ರದಷ್ಟು ವೇಗವಾಗಿ ಸುತ್ತುವುದಿಲ್ಲ. ಚಕ್ರ ಹತ್ತು ಸುತ್ತು ಬಂದರೆ ಅದು ಸುಮಾರು ನಾಲ್ಕು ಸುತ್ತು ಬರುತ್ತದೆ. ಒಂದು ಸಾಲಿನಲ್ಲಿ ಹನ್ನೆರಡು ಗುಂಡುಗಳಿದ್ದು, ತಿರುಗದೆ ನಿಂತಿರುವ ಹೊರಬಳೆಯಲ್ಲಿ ಒಂದು ಗುಳಿ ಬಿದ್ದಿದ್ದರೆ, ಆ ಗುಳಿಯ ಮೇಲೆ ಸೆಕೆಂಡಿಗೆ ಸುಮಾರು 41 ಗುಂಡುಗಳು ಕುಪ್ಪಳಿಸಿ ಹೋಗುತ್ತವೆ. ಗುಳಿ ಹಲವಾದಂತೆ ಸ್ವರಗಳು ಬೆರೆತು ಮಂದ್ರದ ಗುಂಯ್‌ಕಾರವಾಗುತ್ತದೆ. ಟೈರಿನ ಸದ್ದು ಸಾಮಾನ್ಯವಾಗಿ ತೆಳು, ಬೇರಿಂಗಿನದು ಗಡಸು ಎಂದು ಗ್ಯಾರೇಜಿನ ಹಿರಿಯರು ಹೇಳುವುದರ ಹಿಂದೆ ಈ ಗಣಿತವಿದೆ. ಆದರೆ ಇದು ಕಟ್ಟಳೆಯಲ್ಲ. ಅಂಕುಡೊಂಕಾಗಿ ಸವೆದ ಟೈರು ಬೇರಿಂಗಿನಂತೆಯೇ ಗುಂಯ್‌ಗುಟ್ಟಿ ಅನುಭವಿಗಳನ್ನೂ ದಾರಿತಪ್ಪಿಸುತ್ತದೆ. ಅದಕ್ಕೇ ಪರೀಕ್ಷೆಗಳು.

ಎರಡೂ ಸದ್ದುಗಳ ಆವೃತ್ತಿ ವೇಗಕ್ಕೆ ತಕ್ಕಂತೆ ಏರುತ್ತದೆ. ಫೋನಿನಲ್ಲಿ ಸದ್ದಿನ ಆವೃತ್ತಿ ತೋರಿಸುವ ಆ್ಯಪ್ ಇದ್ದವರು ಇದನ್ನು ಕಣ್ಣಾರೆ ನೋಡಬಹುದು. ಪಕ್ಕದ ಸೀಟಿನಲ್ಲಿ ಕೂತವರು ಮಾತ್ರ, ಚಾಲಕರಲ್ಲ!

ರಸ್ತೆಯ ಮೇಲಿನ ಪರೀಕ್ಷೆ

ಭಾನುವಾರ ಬೆಳಗ್ಗೆ, ಜನಸಂಚಾರ ಹೆಚ್ಚುವ ಮೊದಲು, ಅಪ್ಪ ಕಾರು ತೆಗೆದರು. ಮಗಳು ಪಕ್ಕದಲ್ಲಿ ನೋಟ್‌ಬುಕ್ಕು ಹಿಡಿದು ಕೂತಳು. ರೇಡಿಯೊ ಬಂದ್, ಫ್ಯಾನ್ ಬಂದ್, ಗಾಜು ಮೇಲೆ.

ಮೊದಲನೆಯದು ಗೇರಿನ ಪರೀಕ್ಷೆ. ಐವತ್ತರ ವೇಗದಲ್ಲಿ ಮೂರನೇ ಗೇರಿನಲ್ಲಿ ಸ್ವಲ್ಪ ದೂರ, ಅದೇ ಐವತ್ತರಲ್ಲಿ ನಾಲ್ಕನೇ ಗೇರಿನಲ್ಲಿ ಸ್ವಲ್ಪ ದೂರ. ಗೇರು ಬದಲಾದಾಗ ಎಂಜಿನ್ನಿನ ಸುತ್ತು ಇಳಿಯುತ್ತದೆ, ಚಕ್ರದ ಸುತ್ತು ಅಷ್ಟೇ ಇರುತ್ತದೆ. ಗುಂಯ್‌ಕಾರ ಒಂದಿಷ್ಟೂ ಬದಲಾಗಲಿಲ್ಲ. ಎಂಜಿನ್ ನಿರಪರಾಧಿ. ಗೇರನ್ನು ನ್ಯೂಟ್ರಲ್ಲಿಗೆ ಹಾಕಿ ತೇಲಿಬಿಟ್ಟೂ ಇದನ್ನು ತಿಳಿಯಬಹುದು ಎನ್ನುವವರಿದ್ದಾರೆ; ಸಮತಟ್ಟಾದ ಖಾಲಿ ರಸ್ತೆಯಲ್ಲಿ ಸರಿ, ಇಳಿಜಾರಿನಲ್ಲಿ ಎಂದಿಗೂ ಕೂಡದು.

ಎರಡನೆಯದು ಆಕ್ಸಿಲರೇಟರಿನ ಪರೀಕ್ಷೆ. ಅದನ್ನು ಒತ್ತಿದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು ಸದ್ದು ಬಂದರೆ ಗೇರ್‌ಬಾಕ್ಸು ಅಥವಾ ಡಿಫರೆನ್ಷಿಯಲ್‌ನ ಹಲ್ಲುಗಳ ಮೇಲೆ ಅನುಮಾನ. ಏಕೆಂದರೆ ಒತ್ತಿದಾಗ ಹಲ್ಲಿನ ಒಂದು ಮೈ, ಬಿಟ್ಟಾಗ ಇನ್ನೊಂದು ಮೈ ಭಾರ ಹೊರುತ್ತದೆ. ಅದೂ ಬದಲಾಗಲಿಲ್ಲ. ಬ್ರೇಕನ್ನು ಮೃದುವಾಗಿ ಮುಟ್ಟಿದಾಗಲೂ ಸದ್ದು ಹಾಗೇ ಇತ್ತು. ಬ್ರೇಕಿನ ಮೇಲಿನ ಅನುಮಾನವೂ ಹಿಂದೆ ಸರಿಯಿತು.

ಮೂರನೆಯದು ರಸ್ತೆಯ ಪರೀಕ್ಷೆ. ಹೊಸ ಡಾಂಬರು ಹಾಕಿದ ನುಣ್ಣನೆಯ ತುಂಡಿನಿಂದ ಜಲ್ಲಿ ಎದ್ದ ಹಳೆಯ ರಸ್ತೆಗೆ ಕಾರು ದಾಟಿದಾಗ ಮಗಳು ಕಣ್ಣು ಮುಚ್ಚಿ ಕೇಳಿದಳು. ಇಲ್ಲಿ ಅವಳಿಗೆ ಒಂದು ಅಚ್ಚರಿ ಕಾದಿತ್ತು. ಮೇಲುಸ್ವರದ ತೆಳುವಾದ ಸದ್ದೊಂದು ರಸ್ತೆ ಬದಲಾದೊಡನೆ ಬದಲಾಯಿತು. ಕೆಳಸ್ವರದ ಗುಂಯ್‌ಕಾರ ಬದಲಾಗಲಿಲ್ಲ. "ಅಪ್ಪಾ, ಒಂದಲ್ಲ, ಎರಡು ಸೌಂಡಿದೆ!" ಅಪ್ಪ ಮೊದಲ ಸಲ ರೇಡಿಯೊ ಕಡೆ ಕೈ ಚಾಚದೆ ತಾವೂ ಕಿವಿಗೊಟ್ಟರು. "ಹೌದಲ್ಲಾ!"

ನಾಲ್ಕನೆಯದು ತಿರುವಿನ ಪರೀಕ್ಷೆ. ಕಾರು ಬಲಕ್ಕೆ ತಿರುಗುವಾಗ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಬಸ್ಸು ಬಲಕ್ಕೆ ತಿರುಗಿದಾಗ ನಿಂತವರು ಎಡಕ್ಕೆ ವಾಲುವುದನ್ನು ನೆನೆಸಿಕೊಳ್ಳಿ. ಎಡಗಡೆಯ ಬೇರಿಂಗು ಹಾಳಾಗಿದ್ದರೆ ಬಲ ತಿರುವಿನಲ್ಲಿ ನರಳಾಟ ಹೆಚ್ಚಬೇಕು, ಎಡ ತಿರುವಿನಲ್ಲಿ ಕಡಿಮೆಯಾಗಬೇಕು. ಇದಕ್ಕಾಗಿ ಕಾರನ್ನು ಹಾವಿನಂತೆ ಅತ್ತಿತ್ತ ಎಳೆದಾಡುವವರುಂಟು. ಅದು ಅಪಾಯ, ಅಗತ್ಯವೂ ಇಲ್ಲ. ಮಗಳು ಒಂದು ಉಪಾಯ ಹೂಡಿದಳು. ಊರಾಚೆ ಒಂದು ಅಗಲವಾದ ತಿರುವಿದೆ. ಹೋಗುವಾಗ ಅದು ಬಲ ತಿರುವು, ಬರುವಾಗ ಅದೇ ಎಡ ತಿರುವು. ರಸ್ತೆ ಅದೇ, ವೇಗ ಅದೇ, ಬದಲಾಗುವುದು ಭಾರದ ದಿಕ್ಕು ಒಂದೇ. ಹೋಗುವಾಗ ಗುಂಯ್‌ಕಾರ ಗೊಗ್ಗರಾಯಿತು. ಬರುವಾಗ ಹೆಚ್ಚುಕಡಿಮೆ ನಿಂತೇಹೋಯಿತು. ಎರಡು ಸಲ ಹೋಗಿ ಬಂದರು. ಎರಡು ಸಲವೂ ಅದೇ ಉತ್ತರ.

ನೋಟ್‌ಬುಕ್ಕಿನಲ್ಲಿ ಬರೆದದ್ದು, "ಎಡಗಡೆ. ಮುಂದೋ ಹಿಂದೋ ಗೊತ್ತಿಲ್ಲ. ತೆಳು ಸದ್ದು ಬೇರೆ, ಅದು ಟೈರು ಇರಬೇಕು."

ಜಾಕ್ ಏರಿಸಿದ ಮೇಲೆ

ಮನೆಗೆ ಬಂದು ಅಪ್ಪ ಟೈರುಗಳ ಮೇಲೆ ಕೈಯಾಡಿಸಿದರು. ಕಣ್ಣಿಗೆ ನಾಲ್ಕೂ ಚೆನ್ನಾಗಿದ್ದವು. ಕಚ್ಚುಗಳ ನಡುವಿನ ಸವೆತದ ಗುರುತು, ಅಂದರೆ 1.6 ಮಿಲಿಮೀಟರು ಎತ್ತರದ ಅಡ್ಡಪಟ್ಟಿ, ಇನ್ನೂ ಆಳದಲ್ಲೇ ಇತ್ತು. ಆದರೆ ಹಿಂದಿನ ಎರಡೂ ಟೈರುಗಳ ಒಳಅಂಚಿನಲ್ಲಿ ಅಂಗೈ ಒಂದು ದಿಕ್ಕಿಗೆ ಜಾರಿತು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಡೆಯಿತು. ಕಣ್ಣಿಗೆ ಕಾಣದ್ದು ಕೈಗೆ ಸಿಕ್ಕಿತು. ಚಕ್ರದ ಅಲೈನ್‌ಮೆಂಟು ತಪ್ಪಿದಾಗ, ಟೈರುಗಳನ್ನು ಮುಂದಿನಿಂದ ಹಿಂದಕ್ಕೆ ಆಗಾಗ ಅದಲುಬದಲು ಮಾಡದೆ ಬಿಟ್ಟಾಗ ಈ ರೀತಿ ಸವೆಯುತ್ತದೆ. ತೆಳು ಸದ್ದಿನ ಅಪರಾಧಿ ಸಿಕ್ಕಿಬಿದ್ದ.

ಗಡಸು ಸದ್ದಿಗಾಗಿ ಚಕ್ರ ಎತ್ತಬೇಕು. ಇದು ಮಕ್ಕಳು ಒಬ್ಬರೇ ಮಾಡುವ ಕೆಲಸ ಅಲ್ಲವೇ ಅಲ್ಲ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕು, ನೆಲದ ಮೇಲೆಯೇ ಉಳಿಯುವ ಚಕ್ರಗಳ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಇವಿಷ್ಟೂ ಬೇಕು. ಸ್ಟೆಪ್ನಿ ಬದಲಿಸಲು ಕಾರಿನ ಜೊತೆ ಬರುವ ಜಾಕನ್ನು ನಂಬಿ ಕಾರಿನ ಅಡಿ ತಲೆಯಿಡುವುದಾಗಲಿ ಕೈಕಾಲು ಚಾಚುವುದಾಗಲಿ ಕೂಡದು. ಗ್ಯಾರೇಜಿನಲ್ಲಿರುವಂಥ ಗಟ್ಟಿ ಸ್ಟ್ಯಾಂಡಿನ ಆಧಾರ ಇರಲೇಬೇಕು. ಹಾಗಾಗಿ ಅವರು ಪರಿಚಯದ ಒಬ್ಬ ಹಿರಿಯ ಮೇಸ್ತ್ರಿಯ ಗ್ಯಾರೇಜಿಗೆ ಹೋದರು.

ಎಡ ಮುಂದಿನ ಚಕ್ರ ಮೇಲೆದ್ದಿತು. ಗಡಿಯಾರದಲ್ಲಿ ಹನ್ನೆರಡು ಮತ್ತು ಆರು ಇರುವ ಜಾಗಗಳಲ್ಲಿ ಚಕ್ರವನ್ನು ಹಿಡಿದು ಅಪ್ಪ ಜೋರಾಗಿ ಅಲುಗಿಸಿದರು. ಅಲುಗಲಿಲ್ಲ. ಮೂರು ಮತ್ತು ಒಂಬತ್ತರ ಜಾಗದಲ್ಲೂ ಅಲುಗಲಿಲ್ಲ; ಅಲುಗಿದ್ದರೆ ಸ್ಟೀರಿಂಗಿನ ಕೀಲುಗಳ ಮೇಲೂ ಅನುಮಾನ ಪಡಬೇಕಾಗಿತ್ತು. ಅಪ್ಪನ ಮುಖದಲ್ಲಿ ನಿರಾಳ. "ಬೇರಿಂಗ್ ಟೈಟಾಗಿದೆ ಕಣಮ್ಮಾ. ಏನೂ ಆಗಿಲ್ಲ."

ಮೇಸ್ತ್ರಿ ನಕ್ಕರು. "ಸಾರ್, ಅಲುಗಾಟ ಕೊನೇಲಿ ಬರೋದು. ಸೌಂಡು ಮೊದಲು ಬರೋದು. ಇಲ್ಲಿ ಬಾರಮ್ಮಾ, ಈ ಸ್ಪ್ರಿಂಗ್ ಮೇಲೆ ಬೆರಳಿಡು." ಎಂಜಿನ್ ಆರಿಸಿ ಗೇರು ನ್ಯೂಟ್ರಲ್ಲಿನಲ್ಲಿತ್ತು. ಮೇಸ್ತ್ರಿ ಚಕ್ರವನ್ನು ಕೈಯಿಂದ ತಿರುಗಿಸಿದರು. ಚಕ್ರದ ಹಿಂದಿನ ದಪ್ಪ ಸುರುಳಿ ಸ್ಪ್ರಿಂಗಿನ ಮೇಲಿದ್ದ ಮಗಳ ಬೆರಳಿಗೆ ಮರಳಿನ ಮೇಲೆ ಉಕ್ಕು ಉರುಳಿದಂತೆ ಜುಮುಜುಮು ಕಂಪನ ತಟ್ಟಿತು. ಬಲಗಡೆಯ ಚಕ್ರ ಎತ್ತಿ ತಿರುಗಿಸಿದಾಗ ಸ್ಪ್ರಿಂಗು ಮೌನ. ಹಿಂದಿನ ಎರಡೂ ಚಕ್ರಗಳು ಸದ್ದಿಲ್ಲದೆ ತಿರುಗಿದವು. ಅಪರಾಧಿ ಎಡ ಮುಂದಿನ ಬೇರಿಂಗು. ನಾಲ್ಕಲ್ಲ, ಒಂದೇ ಒಂದು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳುವುದು ಇದಕ್ಕೇ. ಒಂದು ಪರೀಕ್ಷೆಯಲ್ಲಿ ತಪ್ಪು ಕಾಣಲಿಲ್ಲವೆಂದರೆ ತಪ್ಪಿಲ್ಲವೆಂದಲ್ಲ. ಆ ಪರೀಕ್ಷೆಗೆ ಅದು ಸಿಕ್ಕಲಿಲ್ಲ ಎಂದಷ್ಟೆ.

ಉಕ್ಕಿಗೂ ದಣಿವುಂಟು

ಗಟ್ಟಿ ಉಕ್ಕಿನ ಬೇರಿಂಗು ಕೆಡುವುದೇಕೆ? ಬಂಡಿಯ ಅಚ್ಚಿನ ಸುತ್ತ ಗುಂಡುಗಳನ್ನಿಟ್ಟು ಉರುಳಿಸುವ ಏರ್ಪಾಡಿಗೆ ವೇಲ್ಸ್‌ನ ಫಿಲಿಪ್ ವಾನ್ 1794ರಲ್ಲೇ ಪೇಟೆಂಟು ಪಡೆದಿದ್ದ. ಆದರೆ ಒಂದೇ ಅಳತೆಯ ಗುಂಡುಗಳನ್ನು ಸಾವಿರಗಟ್ಟಲೆ ಮಾಡುವುದು ಸಾಧ್ಯವಾದದ್ದು 1883ರಲ್ಲಿ, ಜರ್ಮನಿಯ ಷ್ವೈನ್‌ಫುರ್ಟ್ ಊರಿನ ಫ್ರೀಡ್ರಿಕ್ ಫಿಷರ್ ಗುಂಡು ಅರೆಯುವ ಯಂತ್ರ ಮಾಡಿದ ಮೇಲೆ. 1898ರಲ್ಲಿ ಅಮೆರಿಕದ ಹೆನ್ರಿ ಟಿಮ್ಕೆನ್ ಮೊನಚು ಉರುಳೆಗಳ ಬೇರಿಂಗಿಗೆ, 1907ರಲ್ಲಿ ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟ್ ತಾನೇ ಸರಿಹೊಂದಿಕೊಳ್ಳುವ ಗುಂಡಿನ ಬೇರಿಂಗಿಗೆ ಪೇಟೆಂಟು ಪಡೆದರು. ವಿಂಗ್‌ಕ್ವಿಸ್ಟ್ ಬಟ್ಟೆ ಗಿರಣಿಯೊಂದರ ಎಂಜಿನಿಯರು. ಪದೇ ಪದೇ ಕೆಡುತ್ತಿದ್ದ ಬೇರಿಂಗುಗಳ ಕಾಟವೇ ಅವನಿಗೆ ಪಾಠಶಾಲೆಯಾಯಿತು.

ಗುಂಡು ಮತ್ತು ಬಳೆ ಒಂದನ್ನೊಂದು ಮುಟ್ಟುವ ಜಾಗ ಬಹಳ ಚಿಕ್ಕದು. ಕಾರಿನ ಕಾಲು ಭಾಗದ ಭಾರ ಆ ಸಣ್ಣ ಚುಕ್ಕಿಗಳ ಮೇಲೆ ಕೂರುತ್ತದೆ. ಅಲ್ಲಿನ ಒತ್ತಡವನ್ನು ಲೆಕ್ಕ ಹಾಕುವ ದಾರಿ ತೋರಿಸಿದವನು ಹೈನ್‌ರಿಕ್ ಹರ್ಟ್ಸ್. 1880ರ ದಶಕದ ಆರಂಭದಲ್ಲಿ, ಅವನಿಗಿನ್ನೂ ಇಪ್ಪತ್ತೈದರ ಆಸುಪಾಸು. ಮುಂದೆ ರೇಡಿಯೊ ಅಲೆಗಳನ್ನು ಪ್ರಯೋಗದಿಂದ ತೋರಿಸಿ, 1894ರಲ್ಲಿ ಮೂವತ್ತಾರನೇ ವಯಸ್ಸಿನಲ್ಲೇ ತೀರಿಕೊಂಡ. ಆವೃತ್ತಿಯ ಮಾನಕ್ಕೆ ಅವನ ಹೆಸರಿದೆ ಎಂದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಬೇರಿಂಗಿನ ಗುಂಯ್‌ಕಾರವನ್ನು ಅಳೆಯುವುದು ಹರ್ಟ್ಸ್‌ನಲ್ಲಿ. ಆ ಗುಂಯ್‌ಕಾರ ಹುಟ್ಟಿಸುವ ಒತ್ತಡಕ್ಕೂ ಹರ್ಟ್ಸ್ ಒತ್ತಡವೆಂದೇ ಹೆಸರು!

ಲಕ್ಷಾಂತರ ಸಲ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಉಕ್ಕಿನ ಮೇಲ್ಮೈಯ ಸ್ವಲ್ಪ ಕೆಳಗೆ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಅದು ಮೇಲೆ ಬಂದಾಗ ಒಂದು ಚಕ್ಕೆ ಎದ್ದು ಗುಳಿ ಬೀಳುತ್ತದೆ. ಗುಂಡಿನ ಬೇರಿಂಗಿನ ಆಯಸ್ಸಿಗೆ ಎಂಜಿನಿಯರುಗಳು ಬಳಸುವ ಸೂತ್ರ ನೆನಪಿಡುವಂಥದು. ಭಾರ ಎರಡರಷ್ಟಾದರೆ ಆಯಸ್ಸು ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗವಾಗುತ್ತದೆ. ಭಾರ ಕಾಲುಭಾಗ ಹೆಚ್ಚಿದರೂ ಸಾಕು, ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಮದುವೆ ಮನೆಗೆ ಎಂಟು ಜನ ತುಂಬಿಕೊಂಡು ಹೋಗುವ ಕಾರುಗಳ ಮಾಲೀಕರು ಗಮನಿಸಬೇಕು.

ಭಾರವಲ್ಲದೆ ಬೇರೆ ಶತ್ರುಗಳೂ ಇದ್ದಾರೆ. ಗುಂಡಿಗೆ ಧಡಾರನೆ ಇಳಿದಾಗ ಬೇರಿಂಗಿನ ಗುಂಡು ಬಳೆಯ ಮೇಲೆ ಅಚ್ಚೊತ್ತುತ್ತದೆ. ಮಳೆಗಾಲದಲ್ಲಿ ಹಬ್ಬಿನವರೆಗೆ ನೀರು ನಿಂತ ರಸ್ತೆಯಲ್ಲಿ ಹೋದಾಗ ಸವೆದ ಸೀಲಿನ ಮೂಲಕ ನೀರು, ಕೆಸರು ಒಳಹೊಕ್ಕು ಗ್ರೀಸನ್ನು ಕೆಡಿಸುತ್ತವೆ. ಚಂದಕ್ಕೆಂದು ಹೊರಕ್ಕೆ ಚಾಚಿದ ಅಗಲದ ರಿಮ್ಮು ಹಾಕಿಸಿದರೆ ಬೇರಿಂಗಿನ ಮೇಲಿನ ಸನ್ನೆ ಬಲ ಹೆಚ್ಚುತ್ತದೆ. ಈ ಹಾಸನದ ಕಾರು ಜೂನ್ ತಿಂಗಳಲ್ಲಿ ಕೆರೆ ಕೋಡಿಯ ನೀರು ಹಾದ ರಸ್ತೆಯನ್ನು ಎರಡು ಸಲ ದಾಟಿತ್ತು ಎಂಬುದು ಅಮ್ಮನಿಗೆ ಆಗ ನೆನಪಾಯಿತು.

ಘಾಟಿ ಇಳಿಯಬಹುದೇ?

ಮೇಸ್ತ್ರಿಯ ಉತ್ತರ ನೇರವಾಗಿತ್ತು. "ಗ್ಯಾರೇಜಿಗೆ ನಿಧಾನಕ್ಕೆ ಬರಬಹುದು ಸಾರ್. ಮಂಗಳೂರಿಗೆ ಹೋಗೋದು ಬೇಡ."

ಟೈರಿನ ಗುಂಯ್‌ಕಾರ ಕಿರಿಕಿರಿ. ಬೇರಿಂಗಿನ ಗುಂಯ್‌ಕಾರ ಎಚ್ಚರಿಕೆ. ವ್ಯತ್ಯಾಸ ಇಷ್ಟು ದೊಡ್ಡದಾದ್ದರಿಂದಲೇ ರೋಗ ಹಿಡಿಯುವ ಕೆಲಸ ಮುಖ್ಯ. ಗುಳಿ ಬಿದ್ದ ಬೇರಿಂಗು ಎಷ್ಟು ದಿನ ಬಾಳುತ್ತದೆಂದು ಯಾರೂ ಹೇಳಲಾರರು. ಕೆಲವು ಸಾವಿರಾರು ಕಿಲೋಮೀಟರು ನರಳುತ್ತ ಓಡುತ್ತವೆ. ಕೆಲವು ಬೇಗ ಬಿಸಿಯೇರಿ, ಗ್ರೀಸು ಕರಗಿ, ಪಂಜರ ಮುರಿದು, ಚಕ್ರ ಅಲುಗಾಡತೊಡಗುತ್ತದೆ. ಕೊನೆಯ ಹಂತದಲ್ಲಿ ಬೇರಿಂಗು ಕಚ್ಚಿಕೊಳ್ಳಬಹುದು. ಚಕ್ರವೇ ಕಳಚಿಕೊಳ್ಳುವುದೂ ಉಂಟು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಸಾಲುಗಟ್ಟಿದ ಲಾರಿಗಳಿರುವ ಜಾಗದಲ್ಲಿ ಅದನ್ನು ಪರೀಕ್ಷಿಸುವುದು ಜಾಣತನವಲ್ಲ.

ಬೇರಿಂಗು ಬದಲಿಸುವಾಗಲೂ ಕಣ್ಣಿಡಬೇಕು. ಇಂಥ ಕಾರುಗಳಲ್ಲಿ ಬೇರಿಂಗನ್ನು ಪ್ರೆಸ್ಸಿನಿಂದ ಒತ್ತಿ ಕೂರಿಸಬೇಕು, ಅದೂ ಹೊರಬಳೆಯನ್ನು ಕೂರಿಸುವಾಗ ಹೊರಬಳೆಯ ಮೇಲೆಯೇ ಒತ್ತಬೇಕು. ಸುತ್ತಿಗೆಯಿಂದ ಬಡಿದರೆ, ಅಥವಾ ಒಳಬಳೆಯ ಮೇಲೆ ಒತ್ತಿದರೆ, ಏಟು ಗುಂಡುಗಳ ಮೂಲಕ ಹಾಯ್ದು ಹೊಸ ಬೇರಿಂಗಿಗೆ ಅಂದೇ ಅಚ್ಚು ಬೀಳುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಎಬಿಎಸ್ ಇರುವ ಹಲವು ಕಾರುಗಳಲ್ಲಿ ಬೇರಿಂಗಿನ ಒಂದು ಮುಖದಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತದೆ. ತಿರುಗುಮುರುಗಾಗಿ ಕೂರಿಸಿದರೆ ಸೆನ್ಸರಿಗೆ ಚಕ್ರದ ವೇಗ ಓದಲಾಗದೆ ಎಚ್ಚರಿಕೆ ದೀಪ ಹತ್ತುತ್ತದೆ. ಹಬ್ಬಿನ ನಟ್ಟನ್ನು ಕಂಪನಿ ಹೇಳಿದ ಬಿಗಿತಕ್ಕೆ, ಅಳತೆ ತೋರಿಸುವ ಸ್ಪ್ಯಾನರಿನಿಂದಲೇ ಬಿಗಿಯಬೇಕು. ತಂದೆತಾಯಿಗಳು ಕೇಳಬಹುದಾದ ಪ್ರಶ್ನೆಗಳು ಮೂರೇ. ಪ್ರೆಸ್ಸಿನಲ್ಲಿ ಕೂರಿಸುತ್ತೀರಾ? ನಟ್ಟಿಗೆ ಅಳತೆ ನೋಡುತ್ತೀರಾ? ಹಳೆಯ ಬೇರಿಂಗನ್ನು ವಾಪಸು ಕೊಡುತ್ತೀರಾ?

ಸಂಜೆ ಹೊತ್ತಿಗೆ ಕೆಲಸ ಮುಗಿಯಿತು. ಮೇಸ್ತ್ರಿ ಹಳೆಯ ಬೇರಿಂಗನ್ನು ಬಿಚ್ಚಿ ತೊಳೆದು ಮಗಳ ಕೈಗಿಟ್ಟರು. ಹೊಳೆಯುವ ಬಳೆಯ ಒಂದು ಕಡೆ ಗೋಧಿಕಾಳಿನಷ್ಟು ಅಗಲದ ಗುಳಿ, ಅದರ ಸುತ್ತ ತುಕ್ಕಿನ ಕಲೆ. ನೀರಿನ ಸಾಕ್ಷಿ! ಹಿಂದಿನ ಟೈರುಗಳನ್ನು ಬಿಸಾಡಲಿಲ್ಲ. ಅಲೈನ್‌ಮೆಂಟು ಸರಿಮಾಡಿಸಿ ಮುಂದಿನವುಗಳ ಜೊತೆ ಅದಲುಬದಲು ಮಾಡಿದರು.

ಸೋಮವಾರ ಕಾರು ಹೊರಟಿತು. ಗಡಸು ಗುಂಯ್‌ಕಾರ ಇರಲಿಲ್ಲ. ತೆಳು ಸದ್ದು ಹಿಂದಿನಿಂದ ಮುಂದಕ್ಕೆ ಬಂದಿತ್ತು. ಟೈರು ಹೋದಲ್ಲಿಗೆ ಸದ್ದೂ ಹೋದದ್ದು ಟೈರೇ ಕಾರಣವೆಂಬುದಕ್ಕೆ ಕೊನೆಯ ರುಜುವಾತು. ಶಿರಾಡಿ ಘಾಟಿಯ ಕಾಂಕ್ರೀಟು ರಸ್ತೆಗೆ ಇಳಿದಾಗ ಆ ಸದ್ದಿನ ಸ್ವರ ಬದಲಾಯಿತು. "ಟೈರು" ಎಂದರು ಅಪ್ಪ, ಮಗಳಿಗಿಂತ ಮೊದಲೇ. ರೇಡಿಯೊ ಹಾಕಿರಲಿಲ್ಲ.

ಟೈರ್ ಅಂಗಡಿಯವರೂ ಗ್ಯಾರೇಜಿನವರೂ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಇಬ್ಬರೂ ಅರ್ಧ ಸರಿ. ಆದರೆ ಇಬ್ಬರೂ ತಮಗೆ ಗೊತ್ತಿರುವ ರೋಗವನ್ನೇ ನೋಡಿದರು, ನಾಲ್ಕರಿಂದ ಗುಣಿಸಿದರು. ಒಂದು ತೊಂದರೆಗೆ ಒಂದೇ ಕಾರಣ ಎಂದು ಭಾವಿಸುವುದು ಮನುಷ್ಯಸಹಜ. ಒಂದರ ಹಿಂದೆ ಇನ್ನೊಂದು ಅಡಗಿರಬಹುದು ಎಂದು ಕಾದು ನೋಡುವುದು ಅಭ್ಯಾಸದಿಂದ ಬರುವ ಗುಣ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸುವ ಮೊದಲು ಊಹೆಯನ್ನು ಬರೆದಿಟ್ಟು, ಊಹೆ ತಪ್ಪಾದರೆ ಒಪ್ಪಿಕೊಳ್ಳುವವರಿಗೆ ಆ ಅಭ್ಯಾಸ ಬೇಗ ಕೈಹಿಡಿಯುತ್ತದೆ. ಅದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಮನೆಯ ಮುಂದಿನ ಹಳೆಯ ಕಾರು, ಹೊಲದ ಪಂಪ್‌ಸೆಟ್ಟು, ಅಮ್ಮನ ಮಿಕ್ಸಿ ಯಾವುದಾದರೂ ಸಾಕು. ಸದ್ದು ಬಂದಾಗ ರೇಡಿಯೊ ಜೋರು ಮಾಡದಿದ್ದರೆ ಆಯಿತು.

ಹಾಸ್ಟೆಲಿನ ಕೋಣೆಯಲ್ಲಿ ಆ ಬೇರಿಂಗು ಈಗ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಾಗಿ ಕೂತಿದೆ. ಕೈಯಲ್ಲಿ ಹಿಡಿದು ತಿರುಗಿಸಿದರೆ ಗುಳಿ ಬಂದಾಗಲೆಲ್ಲ ಬೆರಳಿಗೆ ತಟ್ಟುತ್ತದೆ.